ಸಾಹಸಕಥೆಯ ಗೆಳೆತನವನ್ನು ಓದುವ ಬಗೆ: ಕಿಪ್ಲಿಂಗ್‌ನ ಒಂದು ಕಥೆಯನ್ನು ಹಿಡಿದು ಒಂದು ಮಾರ್ಗದರ್ಶಿ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಸಾಹಸಕಥೆಗಳನ್ನು ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಓದುತ್ತಾರೆ. ಕೆಲವರು ರೋಚಕತೆಗಾಗಿ ಓದಿ ಬದಿಗಿಡುತ್ತಾರೆ. ಮತ್ತೆ ಕೆಲವರು ಇವೆಲ್ಲ ಸಾಮ್ರಾಜ್ಯದ ಪರವಾದ ಬರಹಗಳೆಂದು ಮೊದಲೇ ತೀರ್ಮಾನಿಸಿ, ಒಳಗೆ ಏನಿದೆ ಎಂದು ನೋಡದೆಯೇ ಬಿಟ್ಟುಬಿಡುತ್ತಾರೆ. ಎರಡೂ ಬಗೆಯಲ್ಲಿ ಕಣ್ತಪ್ಪಿ ಹೋಗುವ ಸಂಗತಿಯೆಂದರೆ ಗೆಳೆತನ. ಈ ಕಥೆಗಳ ನಾಯಕರು ಒಬ್ಬಂಟಿಯಾಗಿ ಹೊರಡುವುದು ಅಪರೂಪ. ಇಬ್ಬರೋ ಮೂವರೋ ಜೊತೆಗೂಡಿ, ಪರಸ್ಪರ ಮಾತು ಕೊಟ್ಟು, ಬೇರೆಯವರ ನೆಲದ ಕಡೆಗೆ ನಡೆಯುತ್ತಾರೆ. ಆ ಗೆಳೆತನ ಅವರ ಮಹತ್ವಾಕಾಂಕ್ಷೆಗೆ ತಡೆಯಾಗಿ ನಿಲ್ಲುವುದಿಲ್ಲ, ಅದರ ಮೊದಲ ಸಲಕರಣೆಯಾಗಿ ಕೆಲಸ ಮಾಡುತ್ತದೆ. ಹಾಗಿದ್ದೂ ಅದು ಸುಳ್ಳು ಗೆಳೆತನವಲ್ಲ. ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿದುಕೊಂಡು ಓದುವ ಕ್ರಮವೊಂದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಒಬ್ಬರೇ ಓದುವವರಿಗೂ, ಊರಿನ ಓದುಬಳಗಗಳಿಗೂ, ಪದವಿ ತರಗತಿಗಳಲ್ಲಿ ಪಾಠ ಮಾಡುವವರಿಗೂ ಇದು ನೆರವಾಗಬಹುದು.

ಅಭ್ಯಾಸಕ್ಕೆ ಆರಿಸಿಕೊಂಡಿರುವುದು ರುಡ್ಯಾರ್ಡ್ ಕಿಪ್ಲಿಂಗ್‌ನ 'ದ ಮ್ಯಾನ್ ಹೂ ವುಡ್ ಬಿ ಕಿಂಗ್' ಎಂಬ ನೀಳ್ಗತೆ. ಡ್ಯಾನಿಯಲ್ ಡ್ರಾವಟ್ ಮತ್ತು ಪೀಚಿ ಕಾರ್ನಹಾನ್ ಎಂಬ ಇಬ್ಬರು ಅಲೆಮಾರಿ ಬಿಳಿಯರು ಹಿಂದೂಕುಶ್ ಪರ್ವತಗಳ ನಡುವಿನ ಕಾಫಿರಿಸ್ತಾನಕ್ಕೆ ಹೋಗಿ ಅಲ್ಲಿ ರಾಜರಾಗಬೇಕೆಂದು ಹೊರಡುತ್ತಾರೆ, ರಾಜರೂ ಆಗುತ್ತಾರೆ, ಕೊನೆಗೆ ಎಲ್ಲವನ್ನೂ ಕಳೆದುಕೊಳ್ಳುತ್ತಾರೆ. ಕಥೆಯ ಹೊರರೇಖೆ ಇಷ್ಟೇ.

ಮೊದಲ ಹಂತ: ಮೂಲವನ್ನು ಓದಿ, ಸಿನಿಮಾವನ್ನು ಆಮೇಲೆ ನೋಡಿ

ಕಿಪ್ಲಿಂಗ್ ತೀರಿಕೊಂಡದ್ದು 1936ರಲ್ಲಿ. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಕಥೆಯ ಮೂಲ ಪಠ್ಯ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ಬಿಡುವಿನ ಸಂಜೆಯಲ್ಲಿ ಓದಿ ಮುಗಿಸಬಹುದಾದಷ್ಟು ಉದ್ದವಿದೆ. ಮೊದಲ ಓದಿನಲ್ಲಿ ಟಿಪ್ಪಣಿ ಮಾಡಿಕೊಳ್ಳುವುದು ಬೇಡ. ತಿಳಿಯದ ಪದ ಬಂದರೂ ಮುಂದುವರಿಯಿರಿ. 1975ರಲ್ಲಿ ಜಾನ್ ಹ್ಯೂಸ್ಟನ್ ನಿರ್ದೇಶಿಸಿದ ಸಿನಿಮಾ, ಶಾನ್ ಕಾನರಿ ಮತ್ತು ಮೈಕೇಲ್ ಕೇನ್ ಅವರ ಅಭಿನಯದಿಂದಾಗಿ, ಕಥೆಗಿಂತ ಹೆಚ್ಚು ಪರಿಚಿತವಾಗಿದೆ. ಆದರೆ ಅದು ನಮ್ಮ ಪ್ರಶ್ನೆಗೆ ಮುಖ್ಯವಾದ ಸಂಗತಿಯನ್ನೇ ಬದಲಿಸಿಬಿಟ್ಟಿದೆ. ಸಯೀದ್ ಜಾಫ್ರಿ ಅಭಿನಯಿಸಿದ ಬಿಲ್ಲಿ ಫಿಶ್ ಸಿನಿಮಾದಲ್ಲಿ ಹೊರಗಿನಿಂದ ಬಂದ ಗೂರ್ಖಾ ಸೈನಿಕ. ಕಿಪ್ಲಿಂಗ್‌ನ ಕಥೆಯಲ್ಲಿ ಅವನು ಆ ಬೆಟ್ಟಗಳಲ್ಲೇ ಹುಟ್ಟಿದ ಸ್ಥಳೀಯ ನಾಯಕ. ಈ ವ್ಯತ್ಯಾಸ ಏಕೆ ದೊಡ್ಡದು ಎಂಬುದು ಮುಂದೆ ತಿಳಿಯುತ್ತದೆ.

ಎರಡನೆಯ ಹಂತ: ಕಾಲ ಮತ್ತು ಅಂತಸ್ತನ್ನು ಗುರುತಿಸಿಕೊಳ್ಳಿ

ಕಥೆ ಪ್ರಕಟವಾದದ್ದು 1888ರಲ್ಲಿ, ಅಲಹಾಬಾದಿನ ಎ. ಎಚ್. ವ್ಹೀಲರ್ ಕಂಪನಿಯ 'ಇಂಡಿಯನ್ ರೈಲ್ವೆ ಲೈಬ್ರರಿ' ಮಾಲೆಯ ಐದನೆಯ ಪುಸ್ತಕದಲ್ಲಿ. ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿ ಒಂದು ರೂಪಾಯಿಗೆ ಸಿಗುತ್ತಿದ್ದ, ಪ್ರಯಾಣದಲ್ಲಿ ಓದಲೆಂದು ಅಚ್ಚಾದ ಪುಸ್ತಕವದು. ಕಥೆಯೂ ರೈಲಿನಲ್ಲೇ ಶುರುವಾಗುತ್ತದೆ. ಅಜ್ಮೀರದಿಂದ ಮ್ಹೌಗೆ ಹೋಗುವ ದಾರಿಯಲ್ಲಿ, ಕೈಯಲ್ಲಿ ಹಣವಿಲ್ಲದ ಕಾರಣ ಇಂಟರ್‌ಮೀಡಿಯೆಟ್ ದರ್ಜೆಯಲ್ಲಿ ಕುಳಿತ ಪತ್ರಕರ್ತನೊಬ್ಬನಿಗೆ ಕಾರ್ನಹಾನ್ ಸಿಗುತ್ತಾನೆ. ಬರೆಯುವಾಗ ಕಿಪ್ಲಿಂಗ್‌ಗೆ ಇಪ್ಪತ್ತಮೂರು ತುಂಬಿರಲಿಲ್ಲ. 1882ರಿಂದ ಲಾಹೋರಿನ ಪತ್ರಿಕೆಯೊಂದರಲ್ಲಿ ದುಡಿದು, 1887ರಲ್ಲಿ ಅಲಹಾಬಾದಿನ 'ಪಯೊನಿಯರ್' ಪತ್ರಿಕೆಗೆ ಬಂದಿದ್ದ.

ಈ ಹಂತದಲ್ಲಿ ಗಮನಿಸಬೇಕಾದದ್ದು ಇಬ್ಬರು ಗೆಳೆಯರ ಸಾಮಾಜಿಕ ಸ್ಥಾನ. ಅವರು ಆಳುವ ವರ್ಗದ ಅಧಿಕಾರಿಗಳಲ್ಲ. ಸೈನಿಕ, ನಾವಿಕ, ಅಚ್ಚುಮೊಳೆ ಜೋಡಿಸುವವನು, ಫೋಟೊ ತೆಗೆಯುವವನು, ಇಂಜಿನ್ ಚಾಲಕ, ಸಣ್ಣ ಕಂತ್ರಾಟುದಾರ, ಹೀಗೆ ಹತ್ತಾರು ಕಸುಬುಗಳನ್ನು ಮಾಡಿ ಎಲ್ಲಿಯೂ ನೆಲೆ ನಿಲ್ಲದವರು. ಇಂಥ ಬಡ ಬಿಳಿಯರು ಆಳುವವರ ಮರ್ಯಾದೆಗೆ ಕುಂದು ತರುತ್ತಾರೆಂದು ಬ್ರಿಟಿಷ್ ಸರ್ಕಾರಕ್ಕೆ ದೊಡ್ಡ ಆತಂಕವಿತ್ತು. ಅವರನ್ನು ಹಿಡಿದು ದುಡಿಮೆಯ ಮನೆಗಳಲ್ಲಿ ಇಡಲು, ಬೇಕಾದರೆ ದೇಶದಿಂದಲೇ ಹೊರಕ್ಕೆ ಕಳಿಸಲು 1874ರಲ್ಲಿ ಯುರೋಪಿಯನ್ ಅಲೆಮಾರಿಗಳ ಕಾಯಿದೆಯೇ ಇತ್ತು. ಭಾರತ ತಮಗೆ ಸಾಲದು ಎಂದು ಈ ಗೆಳೆಯರು ಹೇಳುವುದನ್ನು ಬರೀ ಜಂಬವೆಂದು ತಳ್ಳಿಹಾಕುವಂತಿಲ್ಲ. ಸಾಮ್ರಾಜ್ಯದ ಮೆಟ್ಟಿಲುಗಳಲ್ಲಿ ತಮಗೆ ಜಾಗವಿಲ್ಲವೆಂದು ಕಂಡುಕೊಂಡವರು, ಆ ಮೆಟ್ಟಿಲುಗಳನ್ನೇ ಬೇರೆ ಬೆಟ್ಟದಲ್ಲಿ ತಾವಾಗಿ ಕಟ್ಟಿಕೊಳ್ಳಲು ಹೊರಟಿದ್ದಾರೆ. ಅವರ ಗೆಳೆತನಕ್ಕೆ ಇಷ್ಟು ಬಿಗಿ ಬಂದಿರುವುದು ಇಬ್ಬರಿಗೂ ಬೇರೆ ಯಾರೂ ಇಲ್ಲದ್ದರಿಂದ.

ಮೂರನೆಯ ಹಂತ: ಕಥೆ ಯಾರ ಬಾಯಿಂದ ಬರುತ್ತಿದೆ ಎಂದು ನೋಡಿ

ಎರಡನೆಯ ಓದಿಗೆ ಕೈಯಲ್ಲಿ ಪೆನ್ಸಿಲ್ ಇರಲಿ. ಕಾಫಿರಿಸ್ತಾನದಲ್ಲಿ ನಡೆದದ್ದನ್ನು ಕಥೆಯ ನಿರೂಪಕನಾದ ಪತ್ರಕರ್ತ ಕಂಡಿಲ್ಲ. ಎರಡು ವರ್ಷಗಳ ನಂತರ ಗುರುತು ಸಿಗದಂತೆ ಮುರುಟಿಹೋಗಿ, ಅರ್ಧ ಬುದ್ಧಿಭ್ರಮೆಯಲ್ಲಿ ಮರಳಿ ಬಂದ ಕಾರ್ನಹಾನ್ ಹೇಳಿದ್ದಷ್ಟೇ ನಮಗೆ ದೊರೆಯುವುದು. ಅವನು ತನ್ನ ಬಗ್ಗೆ ಒಮ್ಮೆ 'ನಾನು' ಎನ್ನುತ್ತಾನೆ, ಇನ್ನೊಮ್ಮೆ ಬೇರೊಬ್ಬನ ವಿಷಯ ಹೇಳುವಂತೆ 'ಪೀಚಿ' ಎನ್ನುತ್ತಾನೆ. ಎಲ್ಲೆಲ್ಲಿ ಹೀಗೆ ಜಾರುತ್ತಾನೆಂದು ಗುರುತು ಹಾಕಿಕೊಳ್ಳುತ್ತ ಹೋದರೆ, ನೋವು ಹೆಚ್ಚಿದಂತೆಲ್ಲ ಅವನು ತನ್ನಿಂದಲೇ ದೂರ ಸರಿಯುತ್ತಿರುವುದು ಕಾಣುತ್ತದೆ.

ಪತ್ರಕರ್ತನ ಪಾತ್ರವನ್ನೂ ಪರೀಕ್ಷಿಸಿ. ಅವನು ಇವರಿಗೆ ನೆರವಾಗುವುದಕ್ಕೆ ಕಾರಣ ಫ್ರೀಮೇಸನ್ ಎಂಬ ಭ್ರಾತೃಸಂಘದ ನಂಟು. ಕಿಪ್ಲಿಂಗ್ ಸ್ವತಃ 1886ರಲ್ಲಿ ಲಾಹೋರಿನಲ್ಲಿ ಆ ಸಂಘವನ್ನು ಸೇರಿದ್ದ. ಜೂನ್ ತಿಂಗಳ ಬೇಗೆಯ ರಾತ್ರಿ ಪತ್ರಿಕೆಯ ಕಚೇರಿಗೆ ಬಂದ ಇಬ್ಬರಿಗೂ ಪತ್ರಕರ್ತ ಗಡಿಪ್ರದೇಶದ ನಕ್ಷೆಯನ್ನೂ ವಿಶ್ವಕೋಶದ ಸಂಪುಟವನ್ನೂ ತೆಗೆದುಕೊಡುತ್ತಾನೆ. ಹೋಗಬೇಡಿ ಎಂದು ಬುದ್ಧಿ ಹೇಳುತ್ತಲೇ ಪುಸ್ತಕಗಳನ್ನು ಅವರ ಮುಂದೆ ಹರಡುತ್ತಾನೆ. ಮಾರನೆಯ ದಿನ ತನ್ನ ಗಡಿಯಾರದ ಸರಪಳಿಯಲ್ಲಿದ್ದ ಪುಟ್ಟ ದಿಕ್ಸೂಚಿಯ ಪದಕವನ್ನೂ ಕೊಡುತ್ತಾನೆ. ಅಕ್ಷರಸ್ಥನ ಸ್ನೇಹ ಮತ್ತು ಅವನ ಕಪಾಟಿನ ಜ್ಞಾನ ಎರಡೂ ದಂಡಯಾತ್ರೆಯ ಸಾಮಾನಿನೊಳಗೆ ಸೇರಿಹೋಗುತ್ತವೆ. ಈ ಪುಟಗಳನ್ನು ಆತುರದಲ್ಲಿ ದಾಟಬಾರದು.

ನಾಲ್ಕನೆಯ ಹಂತ: ಕರಾರನ್ನು ಬರೆದುಕೊಂಡು, ಕಲಂ ಕಲಂ ಆಗಿ ಹಿಂಬಾಲಿಸಿ

ಇದು ಇಡೀ ಅಭ್ಯಾಸದ ನಡುಗಂಬ. ಇಬ್ಬರು ಗೆಳೆಯರೂ ಒಂದು ಹಾಳೆಯ ಮೇಲೆ ಕರಾರು ಬರೆದು ಸಹಿ ಹಾಕಿದ್ದಾರೆ. ಅದರ ಸಾರವನ್ನು ನಿಮ್ಮ ಪುಸ್ತಕದಲ್ಲಿ ಕನ್ನಡದಲ್ಲಿ ಇಳಿಸಿಕೊಳ್ಳಿ: ಇಬ್ಬರೂ ಜೊತೆಯಾಗಿ ಕಾಫಿರಿಸ್ತಾನದ ರಾಜರಾಗಬೇಕು, ಅದು ಇತ್ಯರ್ಥವಾಗುವವರೆಗೆ ಹೆಂಡವನ್ನಾಗಲಿ ಹೆಣ್ಣನ್ನಾಗಲಿ ನೋಡಬಾರದು, ಘನತೆಯಿಂದಲೂ ವಿವೇಕದಿಂದಲೂ ನಡೆದುಕೊಳ್ಳಬೇಕು, ಒಬ್ಬನಿಗೆ ತೊಂದರೆ ಬಂದರೆ ಇನ್ನೊಬ್ಬ ಅವನ ಪಕ್ಕದಲ್ಲಿ ನಿಲ್ಲಬೇಕು. ಹಾಳೆಯ ಎಡಕ್ಕೆ ಒಂದೊಂದು ಕಲಮನ್ನೂ ಬರೆದು, ಬಲಕ್ಕೆ ಆಯಾ ಕಲಂ ಮುರಿಯುವ ಅಥವಾ ಉಳಿಯುವ ಜಾಗದ ಪುಟಸಂಖ್ಯೆಯನ್ನು ಗುರುತಿಸುತ್ತ ಹೋಗಿ.

ಹೀಗೆ ಮಾಡಿದಾಗ ಮೊದಲು ಕಾಣುವುದು, ಗೆಳೆತನವೂ ರಾಜ್ಯದ ಆಸೆಯೂ ಒಂದೇ ಕಾಗದದಲ್ಲಿ, ಒಂದೇ ಸಹಿಯ ಕೆಳಗೆ ಇವೆ ಎಂಬುದು. ಒಬ್ಬರ ಪಕ್ಕದಲ್ಲಿ ಒಬ್ಬರು ನಿಲ್ಲುವ ಮಾತು, ರಾಜರಾಗುವ ಗುರಿಗೆ ಹಾಕಿದ ಷರತ್ತು. ಡ್ರಾವಟ್ ಮದುವೆಯಾಗಲು ಹೊರಟಾಗ ಕಾರ್ನಹಾನ್ ಈ ಕರಾರನ್ನು ನೆನಪಿಸುತ್ತಾನೆ. ರಾಜರಾಗುವವರೆಗೆ ಮಾತ್ರ ಅದು ಅನ್ವಯಿಸುತ್ತಿತ್ತು, ಈಗ ರಾಜರಾಗಿದ್ದೇವಲ್ಲ ಎಂಬುದು ಡ್ರಾವಟ್‌ನ ಉತ್ತರ. ವಾದ ಕಾನೂನಿನ ದೃಷ್ಟಿಯಿಂದ ಸರಿಯೆಂದೇ ತೋರುತ್ತದೆ, ಆದರೆ ಆ ವಾದವನ್ನು ಒಪ್ಪಿದರೆ ಪಕ್ಕದಲ್ಲಿ ನಿಲ್ಲಬೇಕೆಂಬ ಕೊನೆಯ ಕಲಮಿನ ಅವಧಿಯೂ ಮುಗಿದುಹೋದಂತೆ. ಡ್ರಾವಟ್ ಅದನ್ನು ಯೋಚಿಸುವುದಿಲ್ಲ. ಕಾರ್ನಹಾನ್ ಯೋಚಿಸುತ್ತಾನೋ ಇಲ್ಲವೋ ಕಥೆ ಹೇಳುವುದಿಲ್ಲ; ಅವನು ನಡೆದುಕೊಳ್ಳುವ ರೀತಿಯನ್ನು ಮಾತ್ರ ತೋರಿಸುತ್ತದೆ.

ಆ ನಡತೆಯನ್ನು ನಿಧಾನವಾಗಿ ಓದಿ. ಮದುವೆಯ ದಿನ ವಧು ಕಚ್ಚಿದಾಗ ಡ್ರಾವಟ್‌ನ ಮೈಯಿಂದ ರಕ್ತ ಬರುತ್ತದೆ, ಅವನು ದೇವರಲ್ಲ ಎಂದು ಪೂಜಾರಿಗಳು ಕೂಗುತ್ತಾರೆ, ಜನ ತಿರುಗಿ ಬೀಳುತ್ತಾರೆ. ಓಡಿಹೋಗುವಾಗ ಡ್ರಾವಟ್ ತನ್ನ ತಪ್ಪನ್ನೆಲ್ಲ ಗೆಳೆಯನ ತಲೆಗೆ ಕಟ್ಟಿ, ಸೈನ್ಯವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಹೀನಾಯವಾಗಿ ಬಯ್ಯುತ್ತಾನೆ. ಕಾರ್ನಹಾನ್‌ಗೆ ಮನಸ್ಸು ಎಷ್ಟು ಕುಗ್ಗಿರುತ್ತದೆಂದರೆ ಜಗಳಕ್ಕೂ ಶಕ್ತಿಯಿಲ್ಲ. ಸ್ವಲ್ಪ ಹೊತ್ತಿನಲ್ಲೇ, ಶತ್ರುಗಳು ಎದುರಿಗೆ ಬಂದು ನಿಂತಾಗ, ಇದೆಲ್ಲ ನನ್ನಿಂದಾದದ್ದು, ನೀವು ಹೋಗಿ ಎಂದು ಡ್ರಾವಟ್ ಹೇಳುತ್ತಾನೆ, ಕಾರ್ನಹಾನ್ ಕದಲುವುದಿಲ್ಲ. ಆಮೇಲೆ ಹಗ್ಗದ ಸೇತುವೆಯ ಬಳಿ ಡ್ರಾವಟ್ ಕ್ಷಮೆ ಕೇಳುತ್ತಾನೆ, ಕಾರ್ನಹಾನ್ ಪೂರ್ಣ ಮನಸ್ಸಿನಿಂದ ಕ್ಷಮಿಸುತ್ತಾನೆ, ಡ್ರಾವಟ್ ಸೇತುವೆಯ ನಡುವಿಗೆ ನಡೆದು ಹಗ್ಗ ಕಡಿಯುವಂತೆ ಹೇಳುತ್ತಾನೆ. ಕರಾರಿನ ಇತರ ಕಲಮುಗಳೆಲ್ಲ ಮುರಿದುಬಿದ್ದ ಮೇಲೆ ಕೊನೆಯದು ಮಾತ್ರ ಉಳಿದಿರುತ್ತದೆ, ಅದೂ ಯಾವ ಲಾಭವೂ ಇಲ್ಲದ ಹೊತ್ತಿನಲ್ಲಿ. ಈ ಜಾಗದಲ್ಲಿ ಕಣ್ಣು ತುಂಬಿಬಂದರೆ ಓದುಗರು ಸಂಕೋಚಪಡಬೇಕಾಗಿಲ್ಲ. ಆ ಭಾವ ನಿಜವಾದದ್ದು, ಕಥೆ ಅದನ್ನು ಕಷ್ಟಪಟ್ಟು ಗಳಿಸಿಕೊಂಡಿದೆ.

ಐದನೆಯ ಹಂತ: ಆಸೆ ಏರುವ ಮೆಟ್ಟಿಲುಗಳನ್ನು ಎಣಿಸಿ

ಡ್ರಾವಟ್‌ನ ಬಯಕೆ ಒಂದೇ ಅಳತೆಯಲ್ಲಿ ಇರುವುದಿಲ್ಲ. ಮೊದಲು ಯಾವುದೋ ಪುಟ್ಟ ಸಂಸ್ಥಾನದ ರಾಜನನ್ನು ಬೆದರಿಸಿ ಹಣ ಕೀಳುವ ಯೋಜನೆ, ಬಳಿಕ ರಾಜನಾಗುವುದು, ಬಳಿಕ ಅಲೆಕ್ಸಾಂಡರನ ಮಗನೆಂದೂ ದೇವರೆಂದೂ ಕರೆಸಿಕೊಳ್ಳುವುದು, ಬಳಿಕ ಚಕ್ರವರ್ತಿಯಾಗಿ, ರಷ್ಯ ಭಾರತದ ಮೇಲೆ ಬಂದರೆ ಅದರ ಪಕ್ಕಕ್ಕೆ ನುಗ್ಗಬಲ್ಲ ಎರಡೂವರೆ ಲಕ್ಷ ಜನರ ಸೈನ್ಯ ಕಟ್ಟುವುದು. ಇಷ್ಟಾದ ಮೇಲೆ ಕೊನೆಯ ಕನಸು ಏನು? ಕಿರೀಟವನ್ನು ವಿಕ್ಟೋರಿಯಾ ರಾಣಿಯ ಮುಂದೆ ಮೊಣಕಾಲೂರಿ ಒಪ್ಪಿಸಿ, ಆಕೆಯಿಂದ 'ಸರ್' ಪದವಿ ಪಡೆಯುವುದು. ಯಾವ ವ್ಯವಸ್ಥೆ ಅವನನ್ನು ಅಲೆಮಾರಿಯೆಂದು ಹೊರಹಾಕಿತ್ತೋ ಅದರಿಂದಲೇ ಬೆನ್ನು ತಟ್ಟಿಸಿಕೊಳ್ಳುವ ಹಂಬಲವದು. ಆ ಕನಸಿನ ಮಾತುಗಳಲ್ಲಿ ಕಾರ್ನಹಾನ್‌ನ ಹೆಸರಿಗೆ ಎಷ್ಟು ಜಾಗವಿದೆ ಎಂದು ಹುಡುಕಿ ನೋಡಿ. 'ನಾವು' ಯಾವ ಪುಟದಲ್ಲಿ 'ನಾನು' ಆಯಿತೆಂಬುದನ್ನು ಗುರುತಿಸುವುದು ಈ ಹಂತದ ಕೆಲಸ.

ಆರನೆಯ ಹಂತ: ಕರಾರಿನ ಹೊರಗಿರುವ ಗೆಳೆಯನನ್ನು ಹುಡುಕಿ

ನನ್ನ ಮಟ್ಟಿಗೆ ಈ ಮಾರ್ಗದರ್ಶಿಯನ್ನು ಬರೆಯಲು ಕಾರಣವಾದದ್ದೇ ಈ ಹಂತ.

ಗೆಳೆಯರು ಆ ಬೆಟ್ಟಗಳೊಳಗೆ ಕಾಲಿಟ್ಟಾಗ ಅವರ ಬಳಿ ಇದ್ದದ್ದು ಆಟಿಕೆಗಳ ಮೂಟೆಯಡಿ ಬಚ್ಚಿಟ್ಟು ತಂದ ಇಪ್ಪತ್ತು ಮಾರ್ಟಿನಿ ಬಂದೂಕುಗಳು. ಬಿಲ್ಲುಬಾಣ ಹಿಡಿದ ಹತ್ತು ಜನ ಇಪ್ಪತ್ತು ಜನರನ್ನು ಅಟ್ಟಿಕೊಂಡು ಬರುತ್ತಿರುವುದನ್ನು ಕಂಡು, ಡ್ರಾವಟ್ ಆ ಇಪ್ಪತ್ತರಲ್ಲಿ ಒಬ್ಬನನ್ನು ಇನ್ನೂರು ಗಜ ದೂರದಿಂದ ಹೊಡೆದುರುಳಿಸುತ್ತಾನೆ, ಉಳಿದವರನ್ನು ಓಡುತ್ತಿದ್ದಂತೆಯೇ ಇಬ್ಬರೂ ಸೇರಿ ಹೊಡೆಯುತ್ತಾರೆ. ನಂತರ ಡ್ರಾವಟ್ ಹತ್ತು ಜನರ ಬಳಿಗೆ ಬಂದು, ಅವರನ್ನೂ ಹೆದರಿಸಿ, ಎಲ್ಲರ ಕೈಕುಲುಕಿ ಸ್ನೇಹ ಮಾಡಿಕೊಂಡು, ತನ್ನ ಪೆಟ್ಟಿಗೆಗಳನ್ನು ಹೊರಿಸುತ್ತಾನೆ. ಆ ನೆಲದಲ್ಲಿ ಸ್ನೇಹ ಎಂಬ ಮಾತು ಮೊದಲ ಬಾರಿಗೆ ಬರುವುದು ಹೀಗೆ. ಮುಂದೆ ಅಲ್ಲಿನ ಪೂಜಾರಿಗಳಿಗೂ ನಾಯಕರಿಗೂ ಮೇಸನ್ ಸಂಘದ ಕೆಲವು ಸಂಕೇತಗಳು ತಿಳಿದಿವೆಯೆಂದು ಗೊತ್ತಾದಾಗ, ಸಮಾನರ ಭ್ರಾತೃತ್ವಕ್ಕಾಗಿ ಇರುವ ವಿಧಿಗಳನ್ನೇ ಡ್ರಾವಟ್ ಆಳ್ವಿಕೆಯ ಉಪಾಯವನ್ನಾಗಿ ಮಾಡಿಕೊಳ್ಳುತ್ತಾನೆ; ಯಾರಿಗೆ ಯಾವ ದರ್ಜೆ ಎಂದು ತಾನೇ ಹಂಚುತ್ತಾನೆ.

ಈಗ ಬಿಲ್ಲಿ ಫಿಶ್‌ನ ಹೆಸರನ್ನು ನೋಡೋಣ. ಅವನು ಬಾಷ್ಕಾಯ್ ಎಂಬ ಕಣಿವೆಯ ನಾಯಕ. ಬೋಲಾನ್ ದಾರಿಯ ಮಾಚ್‌ನಲ್ಲಿ ರೈಲು ಇಂಜಿನ್ ಓಡಿಸುತ್ತಿದ್ದ ಪರಿಚಯದವನೊಬ್ಬನನ್ನು ಹೋಲುತ್ತಾನೆಂಬ ಕಾರಣಕ್ಕೆ ಗೆಳೆಯರು ಅವನಿಗೆ ಆ ಹೆಸರಿಟ್ಟಿದ್ದಾರೆ. ಉಳಿದ ನಾಯಕರಿಗೂ ಹಾಗೆಯೇ ಹಳೆಯ ಪರಿಚಿತರ ಹೆಸರುಗಳು ಅಂಟಿವೆ. ಅವನ ತಾಯಿ ಇಟ್ಟ ಹೆಸರು ಕಥೆಯಲ್ಲಿ ಎಲ್ಲಿಯೂ ಇಲ್ಲ. ಡ್ರಾವಟ್‌ನ ವಧುವಿಗಂತೂ ಅಡ್ಡಹೆಸರೂ ಇಲ್ಲ. ಅವಳ ಭಯಕ್ಕೆ ಬಾಯಿ ಸಿಗುವುದು ಆ ಕಚ್ಚುವಿಕೆಯಲ್ಲಿ ಮಾತ್ರ. ಪೆನ್ಸಿಲ್ ಹಿಡಿದು ಬಿಲ್ಲಿ ಫಿಶ್ ಬರುವ ಪ್ರತಿಯೊಂದು ಸಾಲಿಗೂ ಗೆರೆ ಹಾಕಿ. ಮದುವೆ ಬೇಡವೆಂದು ಎಚ್ಚರಿಸುವವನು ಅವನು. ಜನ ತಿರುಗಿ ಬಿದ್ದಾಗ ದಾರಿ ತೋರಿಸಿ ಓಡಿಸುವವನು ಅವನು. ಎದುರಾಳಿಗಳು ಕಣ್ಣೆದುರು ನಿಂತಾಗ, ನೀನು ತಪ್ಪಿಸಿಕೋ ಎಂದು ಇಬ್ಬರೂ ಹೇಳಿದರೂ, ತಾನು ನಾಯಕ, ತನ್ನ ಜನ ಬೇಕಾದರೆ ಹೋಗಲಿ, ತಾನು ಇವರ ಜೊತೆಗೇ ಇರುತ್ತೇನೆ ಎಂದು ಸಮಾಧಾನದಿಂದ ಹೇಳಿ ನಿಲ್ಲುವವನೂ ಅವನೇ. ಅವನ ಕೊರಳನ್ನು ಅಲ್ಲೇ ಕೊಯ್ಯುತ್ತಾರೆ. ಕಾರ್ನಹಾನ್ ಅವನನ್ನು ನಮ್ಮೆಲ್ಲರ ಒಳ್ಳೆಯ ಗೆಳೆಯನೆಂದು ಒಂದೇ ವಾಕ್ಯದಲ್ಲಿ ನೆನೆದು ಮುಂದೆ ಸಾಗುತ್ತಾನೆ. ಆ ಕ್ಷಣದಲ್ಲಿ ಡ್ರಾವಟ್ ಆಡುವ ಮಾತಿನಲ್ಲಿ ಅವನ ಸಾವಿನ ಪ್ರಸ್ತಾಪವೂ ಇಲ್ಲ.

ನಾಲ್ಕನೆಯ ಹಂತದ ಹಾಳೆಯನ್ನು ಮತ್ತೆ ತೆಗೆಯಿರಿ. ಒಬ್ಬನಿಗೆ ತೊಂದರೆ ಬಂದರೆ ಇನ್ನೊಬ್ಬ ಪಕ್ಕದಲ್ಲಿ ನಿಲ್ಲಬೇಕು ಎಂಬ ಕಲಮನ್ನು ಯಾವ ಸಹಿಯೂ ಇಲ್ಲದೆ, ಯಾವ ಕಿರೀಟದ ಆಸೆಯೂ ಇಲ್ಲದೆ ಪಾಲಿಸಿದವನ ಹೆಸರು ಆ ಹಾಳೆಯಲ್ಲಿ ಇಲ್ಲ. ಬಿಳಿಯ ಗೆಳೆಯರಿಬ್ಬರ ನಿಷ್ಠೆಗೆ ಕಥೆ ಸೇತುವೆಯ ದೊಡ್ಡ ದೃಶ್ಯವನ್ನು ಕೊಟ್ಟಿದೆ. ಇವನ ನಿಷ್ಠೆಗೆ ಅರ್ಧ ವಾಕ್ಯ ಕೊಟ್ಟಿದೆ. ಕಿಪ್ಲಿಂಗ್ ಇದನ್ನು ತಿಳಿದೇ ಮಾಡಿದನೋ, ಅವನ ಕಾಲದ ಕಣ್ಣಿಗೆ ಇದು ಕಾಣಲೇ ಇಲ್ಲವೋ ಎಂಬುದರ ಬಗ್ಗೆ ಓದುಬಳಗದಲ್ಲಿ ಬಿಸಿಯಾದ ಚರ್ಚೆ ನಡೆಯಲಿ. ಬಿಲ್ಲಿ ಫಿಶ್‌ನ ಬಾಯಲ್ಲಿ ಅಷ್ಟು ತೂಕದ ಮಾತನ್ನು ಇಟ್ಟ ಲೇಖಕನಿಗೆ ಅವನ ಬೆಲೆ ಗೊತ್ತಿತ್ತೆಂದೇ ನಾನು ನಂಬುತ್ತೇನೆ. ಗೊತ್ತಿದ್ದೂ ಕಥೆಯ ಶೋಕವನ್ನು ಅವನ ಕಡೆಗೆ ತಿರುಗಿಸಲಿಲ್ಲ ಎಂಬುದು ಹೆಚ್ಚು ಕಾಡುವ ಸಂಗತಿ.

ಏಳನೆಯ ಹಂತ: ನಕ್ಷೆಯನ್ನೂ ಇತಿಹಾಸವನ್ನೂ ಪಕ್ಕದಲ್ಲಿಡಿ

ಇಲ್ಲಿ ಬಹಳ ಹೊತ್ತು ಬೇಕಿಲ್ಲ. ಕಾಫಿರಿಸ್ತಾನ ಕಲ್ಪನೆಯ ನಾಡಲ್ಲ. ಇಂದಿನ ಈಶಾನ್ಯ ಅಫ್ಘಾನಿಸ್ತಾನದ ಪರ್ವತಪ್ರದೇಶ. ಕಿಪ್ಲಿಂಗ್ ಅಲ್ಲಿಗೆ ಹೋಗಿರಲಿಲ್ಲ. 1883ರಲ್ಲಿ ವಿಲಿಯಂ ಮೆಕ್‌ನೇರ್ ಎಂಬ ಸರ್ವೇ ಅಧಿಕಾರಿ ಹಕೀಮನ ವೇಷದಲ್ಲಿ ಅತ್ತ ಹೋಗಿದ್ದ. ಜಾರ್ಜ್ ಸ್ಕಾಟ್ ರಾಬರ್ಟ್‌ಸನ್ ಅಲ್ಲಿ ಉಳಿದು ವಿವರವಾಗಿ ತಿಳಿದುಕೊಂಡದ್ದು ಕಥೆ ಬಂದ ನಂತರ, 1890 ಮತ್ತು 1891ರಲ್ಲಿ. ರಾಜನಾಗುವ ಕನಸಿಗೂ ಮಾದರಿಗಳಿದ್ದವು: 1841ರಲ್ಲಿ ಬೋರ್ನಿಯೊದ ಸರವಾಕ್‌ಗೆ ರಾಜನಾದ ಜೇಮ್ಸ್ ಬ್ರೂಕ್‌ನನ್ನು ಈ ಗೆಳೆಯರಿಬ್ಬರೂ ಬಲ್ಲರು, ಸರವಾಕ್ ಎಂಬ ಹೆಸರನ್ನೇ ಕ್ರಿಯಾಪದ ಮಾಡಿಕೊಂಡು ಮಾತಾಡುತ್ತಾರೆ. ಆ ನಾಡಿನ ಜನರಿಗೆ ಮುಂದೆ ಏನಾಯಿತೆಂಬುದನ್ನು ಕಥೆಯ ಓದುಗರು ತಿಳಿದಿರಬೇಕು. 1893ರ ಡ್ಯುರಾಂಡ್ ಒಪ್ಪಂದದಲ್ಲಿ ಗಡಿ ಎಳೆದಾಗ ಬ್ರಿಟಿಷರು ಅದರ ಬಹುಭಾಗವನ್ನು ಅಫ್ಘಾನ್ ಕಡೆಗೆ ಬಿಟ್ಟರು. 1895-96ರ ಚಳಿಗಾಲದಲ್ಲಿ ಅಮೀರ್ ಅಬ್ದುರ್ ರಹಮಾನ್ ಅದನ್ನು ಗೆದ್ದು, ಜನರನ್ನು ಮತಾಂತರಿಸಿದ. ನಾಡಿಗೆ ನೂರಿಸ್ತಾನವೆಂದು ಹೆಸರು ಬಂತು. ಗಡಿಯ ಈಚೆ, ಇಂದಿನ ಪಾಕಿಸ್ತಾನದ ಚಿತ್ರಾಲದಲ್ಲಿ ಉಳಿದ ಕಲಾಶ್ ಜನ ಮಾತ್ರ ಹಳೆಯ ಆಚರಣೆಗಳನ್ನು ಉಳಿಸಿಕೊಂಡಿದ್ದಾರೆ.

ಎಂಟನೆಯ ಹಂತ: ಅದೇ ಪ್ರಶ್ನೆಗಳನ್ನು ಬೇರೆಡೆಗೆ ಒಯ್ಯಿರಿ

ಯಾರ ಯಾರ ನಡುವೆ ಕರಾರು, ಯಾರ ಹೆಸರು ಬಿಟ್ಟುಹೋಗಿದೆ, 'ನಾವು' ಎಲ್ಲಿ 'ನಾನು' ಆಗುತ್ತದೆ, ಯಾರ ಸಾವಿಗೆ ಕಥೆ ನಿಂತು ಅಳುತ್ತದೆ: ಈ ನಾಲ್ಕು ಪ್ರಶ್ನೆಗಳನ್ನು ರೈಡರ್ ಹ್ಯಾಗರ್ಡ್‌ನ 1885ರ 'ಕಿಂಗ್ ಸಾಲೊಮನ್ಸ್ ಮೈನ್ಸ್' ಕಾದಂಬರಿಗೆ ಕೇಳಿ ನೋಡಿ. ಅಲ್ಲಿ ಸೇವಕನಾಗಿ ಜೊತೆಗೆ ಬಂದ ಉಂಬೋಪಾ ಕೊನೆಗೆ ಇಗ್ನೋಸಿ ಎಂಬ ತನ್ನ ನಿಜ ಹೆಸರಿನಿಂದ ರಾಜನಾಗುತ್ತಾನೆ, ಬಿಳಿಯ ಗೆಳೆಯರನ್ನು ಪ್ರೀತಿಯಿಂದ ಬೀಳ್ಕೊಡುತ್ತಾನೆ, ಆದರೆ ಬಂದೂಕು ಮತ್ತು ಹೆಂಡ ತರುವ ವ್ಯಾಪಾರಿಗಳಿಗೆ ತನ್ನ ನಾಡಿನ ಬಾಗಿಲು ಮುಚ್ಚಿಬಿಡುತ್ತಾನೆ. ಗೆಳೆಯರನ್ನು ಒಪ್ಪಿಕೊಂಡು ಅವರ ಹಿಂದೆ ಬರುವುದನ್ನು ನಿರಾಕರಿಸುವ ಆ ನಿಲುವು, ಬಿಲ್ಲಿ ಫಿಶ್‌ಗೆ ಸಿಗದೇ ಹೋದ ಅವಕಾಶ.

ಕನ್ನಡ ಓದುಗರಿಗೆ ಇನ್ನೂ ಹತ್ತಿರದ ಹೋಲಿಕೆಯೊಂದು ಇತಿಹಾಸದಲ್ಲೇ ಇದೆ. ಠಗ್ಗರ ಬಗ್ಗೆ 1839ರಲ್ಲಿ ಹೆಸರಾಂತ ಕಾದಂಬರಿ ಬರೆದ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದು, ಬಾಲಕ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ 1853ರವರೆಗೆ ಆ ಸಂಸ್ಥಾನದ ವ್ಯವಹಾರ ನೋಡಿಕೊಂಡ. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1858ರಲ್ಲಿ ಅದೇ ರಾಜ ಬ್ರಿಟಿಷರ ವಿರುದ್ಧ ಎದ್ದು, ಸೋತು, ಸೆರೆಯಾದ. ಟೇಲರ್ ಅವನನ್ನು ಸೆರೆಮನೆಯಲ್ಲಿ ಕಂಡ. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ರಾಜ ಗುಂಡೇಟಿನಿಂದ ಸತ್ತ. ಟೇಲರನ ಆತ್ಮಕಥೆ ಅವನು ತೀರಿಕೊಂಡ ಮೇಲೆ 1877ರಲ್ಲಿ ಪ್ರಕಟವಾಯಿತು, ಅದೂ ಉಚಿತವಾಗಿ ಓದಲು ಸಿಗುತ್ತದೆ. ಸುರಪುರದ ಅಧ್ಯಾಯಗಳನ್ನು ಕಿಪ್ಲಿಂಗ್‌ನ ಕಥೆಯ ಬೆನ್ನಿಗೇ ಓದಿ. ಅಲ್ಲಿನ ವಾತ್ಸಲ್ಯ ಸುಳ್ಳಲ್ಲ. ಆದರೆ ಆ ವಾತ್ಸಲ್ಯವನ್ನು ಬರೆದಿಟ್ಟ ಲೇಖನಿ ಒಬ್ಬನ ಕೈಯಲ್ಲಿ ಮಾತ್ರ ಇತ್ತು. ವೆಂಕಟಪ್ಪ ನಾಯಕ ಆ ಸಂಬಂಧವನ್ನು ಹೇಗೆ ಕಂಡನೆಂಬುದು ನಮಗೆ ಟೇಲರನ ವಾಕ್ಯಗಳ ಮೂಲಕವೇ ಬರುತ್ತದೆ. ಹಾಗಾಗಿ ಮೂರನೆಯ ಹಂತದ ಕೆಲಸವನ್ನು, ಅಂದರೆ ಯಾರ ಬಾಯಿಂದ ಕೇಳುತ್ತಿದ್ದೇವೆ ಎಂಬ ವಿಚಾರಣೆಯನ್ನು, ಇಲ್ಲಿ ಮೊದಲಿಗೇ ಮಾಡಿಕೊಂಡು ಓದಬೇಕು. ಓದುಬಳಗದಲ್ಲಿ ಸುರಪುರದ ಕಡೆಯವರಿದ್ದರೆ ಅಲ್ಲಿನ ಜನ ಈ ಇಬ್ಬರನ್ನು ಇಂದಿಗೂ ಹೇಗೆ ನೆನೆಯುತ್ತಾರೆಂದು ಅವರಿಂದ ಕೇಳಿ ಬರೆದುಕೊಂಡು, ಆ ಬರಹವನ್ನು ಆತ್ಮಕಥೆಯ ಅಧ್ಯಾಯಗಳ ಜೊತೆಗೇ ಚರ್ಚೆಗೆ ಇಟ್ಟುಕೊಳ್ಳಿ.